ನ್ಯೂಜಿಲೆಂಡ್‌ನಲ್ಲಿ ಕಡಲ ಮೀನು ಯಾರ ಪಾಲು? ಹೊಸದಾಗಿ ಬಂದ ನಮ್ಮವರಿಗೆ ಕೋಟಾ ಪದ್ಧತಿ

ಆಕ್ಲೆಂಡ್‌ಗೆ ಬಂದ ಹೊಸತರಲ್ಲಿ ಮೀನಂಗಡಿಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಇಲ್ಲಿ ಮೀನುಗಾರಿಕೆ ಯಾವ ತಿಂಗಳು ಬಂದ್? ಅಂಗಡಿಯವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮಲ್ಪೆ ಕಡೆಯವಳಾದ ನನಗೆ ಜೂನ್, ಜುಲೈ ಎಂದರೆ ಬೋಟುಗಳು ದಕ್ಕೆಯಲ್ಲಿ, ಅಡುಗೆಮನೆಯಲ್ಲಿ ಒಣಮೀನು. ಯಂತ್ರದ ಬೋಟುಗಳಿಗೆ ನಮ್ಮಲ್ಲಿ 61 ದಿನ ರಜೆ. ಇಲ್ಲಿ ಹೆಚ್ಚಿನ ಮೀನುಗಳಿಗೆ ಅಂಥ ರಜೆ ಇಲ್ಲ. ನಾವು ದಿನ ಎಣಿಸುತ್ತೇವೆ, ಇವರು ತೂಕ ಎಣಿಸುತ್ತಾರೆ.

ಈ ಪದ್ಧತಿ ಶುರುವಾದದ್ದು 1986ರ ಅಕ್ಟೋಬರ್ 1ರಂದು. ಈಗ ನಡೆಯುತ್ತಿರುವುದು 1996ರ ಮೀನುಗಾರಿಕೆ ಕಾಯ್ದೆಯ ಪ್ರಕಾರ. ಕಡಲನ್ನು ಪ್ರದೇಶಗಳಾಗಿ ಭಾಗ ಮಾಡಿ, ಒಂದೊಂದು ಪ್ರದೇಶದ ಒಂದೊಂದು ಮೀನಿಗೂ ಬೇರೆ ಲೆಕ್ಕ ಇಡುತ್ತಾರೆ. ವರ್ಷಕ್ಕೆ ಒಟ್ಟು ಎಷ್ಟು ಟನ್ ಹಿಡಿಯಬಹುದು ಅಂತ ಮಂತ್ರಿಗಳು ನಿರ್ಧರಿಸುತ್ತಾರೆ.

ಉದಾಹರಣೆಗೆ ನಾವೆಲ್ಲ ತಿನ್ನುವ ಸ್ನ್ಯಾಪರ್. ಆಕ್ಲೆಂಡ್‌ನ ಪೂರ್ವಕ್ಕಿರುವ ಕಡಲು ಎಸ್‌ಎನ್‌ಎ 1 ಅನ್ನುವ ಪ್ರದೇಶಕ್ಕೆ ಸೇರುತ್ತದೆ. 2013ರಲ್ಲಿ ಅಲ್ಲಿಗೆ ಒಟ್ಟು 8,050 ಟನ್ ನಿಗದಿ ಮಾಡಿದರು. ಅದರಲ್ಲಿ 50 ಟನ್ ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಸಾಂಪ್ರದಾಯಿಕ ಬಳಕೆಗೆ, 3,050 ಟನ್ ಹವ್ಯಾಸಕ್ಕೆ ಗಾಳ ಹಾಕುವ ನಮ್ಮ ನಿಮ್ಮಂಥವರಿಗೆ. ಲೆಕ್ಕಕ್ಕೆ ಸಿಗದೆ ಸಾಯುವ ಮೀನಿಗೆ 450 ಟನ್ ಬಿಟ್ಟರು. ಉಳಿದ 4,500 ಟನ್ ಮಾತ್ರ ವ್ಯಾಪಾರಿ ಬೋಟುಗಳಿಗೆ. ನನಗೆ ತುಂಬ ಹಿಡಿಸಿದ್ದು ಈ ಕ್ರಮ. ಬೇರೆಯವರ ಪಾಲು ಮೊದಲು ತೆಗೆದಿಟ್ಟು, ಆಮೇಲೆ ವ್ಯಾಪಾರಕ್ಕೆ ಕೊಡುವುದು.

ವ್ಯಾಪಾರದ ಪಾಲನ್ನು ಕೋಟಾ ಇದ್ದವರು ಹಂಚಿಕೊಳ್ಳುತ್ತಾರೆ. ಕೋಟಾ ಅಂದರೆ ಹೆಚ್ಚು ಕಡಿಮೆ ಕಂಪನಿಯ ಷೇರು ಇದ್ದ ಹಾಗೆ. ಮಾರಬಹುದು, ಕೊಳ್ಳಬಹುದು. ಅದರ ಆಧಾರದ ಮೇಲೆ ಪ್ರತಿವರ್ಷ ಇಂತಿಷ್ಟು ಕಿಲೋ ಹಿಡಿಯುವ ಹಕ್ಕು ಹುಟ್ಟುತ್ತದೆ. ಇದನ್ನು ಇಲ್ಲಿಯವರು 'ಏಸ್' ಅನ್ನುತ್ತಾರೆ. ಹಕ್ಕಿಗಿಂತ ಜಾಸ್ತಿ ಮೀನು ಬಲೆಗೆ ಬಿದ್ದರೆ ಅದನ್ನೂ ದಡಕ್ಕೆ ತರಬೇಕು. ಏಸ್ ಕೊಂಡು ಸರಿದೂಗಿಸಬೇಕು, ಇಲ್ಲವೇ ಸರ್ಕಾರಕ್ಕೆ ದುಡ್ಡು ಕಟ್ಟಬೇಕು. ಈ ದರ ತೀರಾ ಕಡಿಮೆಯಾದರೆ ಬೇಕೆಂದೇ ಜಾಸ್ತಿ ಹಿಡಿಯುತ್ತಾರೆ. ತೀರಾ ಹೆಚ್ಚಾದರೆ ಕದ್ದು ಕಡಲಿಗೇ ಎಸೆಯುತ್ತಾರೆ.

ಕಡಲಲ್ಲಿ ಎಸೆದದ್ದನ್ನು ನೋಡುವವರು ಯಾರು, ಅಲ್ವಾ? ಈ ಪದ್ಧತಿಯ ದೊಡ್ಡ ತೂತು ಇದೇ. ಅದಕ್ಕೇ ಬೋಟುಗಳಿಗೆ ಕ್ಯಾಮೆರಾ ಹಾಕಿಸಿದರು. 2019ರಲ್ಲಿ, ಅಳಿವಿನ ಅಂಚಿನಲ್ಲಿರುವ ಮಾವಿ ಡಾಲ್ಫಿನ್ ಇರುವ ಕಡೆ ಶುರುವಾಯಿತು. 2023ರಿಂದ ಕರಾವಳಿಯ ಇನ್ನೂ ಅನೇಕ ಬೋಟುಗಳಿಗೆ ಬಂತು. ಕ್ಯಾಮೆರಾ ಬಂದ ಮೇಲೆ, ಎಸೆದ ಮೀನಿನ ಬಗ್ಗೆ ಬೋಟಿನವರೇ ಕೊಡುವ ಲೆಕ್ಕ ಏರಿತು. ಮೊದಲಿನ ಲೆಕ್ಕವನ್ನು ಎಷ್ಟು ನಂಬಬಹುದಿತ್ತು ಅಂತ ಇದರಿಂದಲೇ ಗೊತ್ತಾಗುತ್ತದೆ.

ತಪ್ಪುಗಳೂ ಆಗಿವೆ. ಆಳ ಕಡಲಿನ ಆರೆಂಜ್ ರಫಿ ಮೀನು ನೂರು ವರ್ಷಕ್ಕೂ ಹೆಚ್ಚು ಬದುಕುತ್ತದೆ, ಮೊಟ್ಟೆ ಇಡುವ ವಯಸ್ಸಿಗೆ ಬರಲು ಸುಮಾರು 30 ವರ್ಷ ಬೇಕು. ಅದು ಗೊತ್ತಾಗುವ ಮೊದಲೇ ದೊಡ್ಡ ಕೋಟಾ ಕೊಟ್ಟುಬಿಟ್ಟಿದ್ದರು. ದೇಶದ ಪಶ್ಚಿಮ ಕಡಲಿನ ಚಾಲೆಂಜರ್ ಪ್ರದೇಶದಲ್ಲಿ ಕೊನೆಗೆ 2000ದಲ್ಲಿ ಅದರ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು.

ಜನರ ವಿಷಯದಲ್ಲಿ ಆದ ಅನ್ಯಾಯವನ್ನೂ ನಾವು ತಿಳಿದಿರಬೇಕು. ಕೋಟಾ ಹಂಚಿದ್ದು ಹಿಂದಿನ ವರ್ಷಗಳಲ್ಲಿ ಯಾರು ಎಷ್ಟು ಮೀನು ಹಿಡಿದಿದ್ದರು ಅಂತ ನೋಡಿ. ಆದರೆ ಅದಕ್ಕೆ ಮೊದಲೇ, 1980ರ ದಶಕದ ಆರಂಭದಲ್ಲಿ, ಅರೆಕಾಲಿಕ ಮೀನುಗಾರರ ಪರವಾನಗಿ ತೆಗೆದುಹಾಕಿದ್ದರು. ಹಾಗಾಗಿ ಅವರಿಗೆ ಕೋಟಾ ಸಿಗಲಿಲ್ಲ. ಅವರಲ್ಲಿ ಮಾವೋರಿ ಹಳ್ಳಿಗಳವರು ಬಹಳ. ಸ್ವಲ್ಪ ಕೃಷಿ, ಸ್ವಲ್ಪ ಮೀನು ಅಂತ ಬದುಕುವವರು ನಮ್ಮ ಊರಲ್ಲೂ ಇದ್ದಾರಲ್ಲ, ಅಂಥವರೇ. ಮಾವೋರಿಗಳು 1987ರಲ್ಲಿ ಕೋರ್ಟಿಗೆ ಹೋದರು. 1989ರಲ್ಲಿ ಶೇ. 10 ಕೋಟಾ ಸಿಕ್ಕಿತು. 1992ರ ಒಪ್ಪಂದದಲ್ಲಿ ಸೀಲಾರ್ಡ್ ಎಂಬ ದೊಡ್ಡ ಮೀನುಗಾರಿಕೆ ಕಂಪನಿಯ ಅರ್ಧ ಪಾಲು ಮತ್ತು ಮುಂದೆ ಪದ್ಧತಿಗೆ ಸೇರುವ ಮೀನುಗಳ ಕೋಟಾದಲ್ಲಿ ಶೇ. 20 ಸಿಕ್ಕಿತು. ಇವತ್ತಿಗೂ ಅನೇಕ ಸಣ್ಣ ಮೀನುಗಾರರಿಗೆ ಸ್ವಂತ ಕೋಟಾ ಇಲ್ಲ. ಗೇಣಿ ಕೊಟ್ಟು ಗದ್ದೆ ಮಾಡುವ ಹಾಗೆ, ಏಸ್ ಕೊಂಡು ಕಡಲಿಗೆ ಹೋಗುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಮೀನು ಉಳಿಸುವ ನಿಯಮ ಮೀನು ಹಿಡಿಯುವವನನ್ನೂ ಉಳಿಸಬೇಕು.

ಇನ್ನು ನಮಗೆ ಸಂಬಂಧಿಸಿದ್ದು. ಕಡಲಲ್ಲಿ ಹವ್ಯಾಸಕ್ಕೆ ಗಾಳ ಹಾಕಲು ಲೈಸೆನ್ಸ್ ಬೇಡ. ಹಾಗಂತ ಮಿತಿ ಇಲ್ಲ ಅಂದುಕೊಳ್ಳಬೇಡಿ. ಎಸ್‌ಎನ್‌ಎ 1ರಲ್ಲಿ 2014ರಿಂದ ಒಬ್ಬರಿಗೆ ದಿನಕ್ಕೆ 7 ಸ್ನ್ಯಾಪರ್, 30 ಸೆಂ.ಮೀ.ಗಿಂತ ಚಿಕ್ಕದು ವಾಪಸ್ ನೀರಿಗೆ. ಪಶ್ಚಿಮ ಕರಾವಳಿಗೆ ಬೇರೆ ಅಳತೆ. ನಿಯಮ ಬದಲಾಗುತ್ತಿರುತ್ತದೆ, ಜಾಗ ಬದಲಾದರೂ ಬದಲಾಗುತ್ತದೆ. ಹೊರಡುವ ಮೊದಲು ಸರ್ಕಾರದ 'ಎನ್‌ಜೆಡ್ ಫಿಶಿಂಗ್ ರೂಲ್ಸ್' ಆ್ಯಪ್ ನೋಡಿ.

ನೀವು ಹಿಡಿದ ಮೀನನ್ನು ಮಾರುವ ಹಾಗಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ವಾಟ್ಸಾಪ್ ಗುಂಪಿನಲ್ಲಿ "ಎರಡು ಮೀನು ಜಾಸ್ತಿ ಇದೆ, ಪೆಟ್ರೋಲ್ ದುಡ್ಡು ಕೊಟ್ಟು ತಗೊಂಡು ಹೋಗಿ" ಅಂತ ಹಾಕಿದರೂ ಅದು ಮಾರಾಟವೇ. ವಸ್ತುವಿಗೆ ಬದಲಾಯಿಸಿಕೊಳ್ಳುವುದೂ ತಪ್ಪು. ಪಕ್ಕದ ಮನೆಗೆ ಸುಮ್ನೆ ಕೊಡಬಹುದು. ದಂಡ ಭಾರಿಯಾಗಿರುತ್ತದೆ, ಕಾರು, ದೋಣಿ ಸಹ ಹೋಗಬಹುದು. ಗೊತ್ತಿರಲಿಲ್ಲ ಅಂದರೆ ಕೇಳುವುದಿಲ್ಲ.

ಇನ್ನೊಂದು ಬಾಗಿಲು ನಮ್ಮವರು ಬಳಸುವುದೇ ಇಲ್ಲ. ಮೀನು ಹಿಡಿಯುವ ಮಿತಿ ಬದಲಿಸುವ ಮೊದಲು ಸರ್ಕಾರದ ಮೀನುಗಾರಿಕೆ ವಿಭಾಗವಾದ ಫಿಶರೀಸ್ ನ್ಯೂಜಿಲೆಂಡ್ ಪ್ರಸ್ತಾವವನ್ನು ಎಲ್ಲರ ಮುಂದಿಟ್ಟು ಅಭಿಪ್ರಾಯ ಕೇಳುತ್ತದೆ. ಮೀನುಗಾರಿಕೆಯ ವರ್ಷ ಹೆಚ್ಚಿನ ಮೀನುಗಳಿಗೆ ಅಕ್ಟೋಬರ್ 1ಕ್ಕೆ, ಕೆಲವಕ್ಕೆ ಏಪ್ರಿಲ್ 1ಕ್ಕೆ ಶುರು. ಅದಕ್ಕೆ ಕೆಲವು ತಿಂಗಳ ಮೊದಲು ಪ್ರಸ್ತಾವ ಬರುತ್ತದೆ. ಯಾರು ಬೇಕಾದರೂ ಇಮೇಲ್ ಬರೆಯಬಹುದು. ನಾನು ಬರೆದದ್ದು ಒಂದೇ ಪುಟ: ನಾವು ಎಲ್ಲಿ ಗಾಳ ಹಾಕುತ್ತೇವೆ, ಮೊದಲು ಎಷ್ಟು ಸಿಗುತ್ತಿತ್ತು, ಈಗ ಎಷ್ಟು, ಗಾತ್ರ ಹೇಗಿದೆ. ಪಂಡಿತರ ಭಾಷೆ ಏನೂ ಬೇಕಾಗಲಿಲ್ಲ. ಮುಂದಿನ ಸಲ ಪ್ರಸ್ತಾವ ಬಂದಾಗ ನಿಮ್ಮ ಜಾಗದ ಹೆಸರು, ತಿಂಗಳು, ಹಿಡಿದ ಮೀನಿನ ಅಳತೆ ಬರೆದಿಟ್ಟ ಪುಸ್ತಕ ಕೈಯಲ್ಲಿದ್ದರೆ ಸಾಕು. ಈ ಬೇಸಿಗೆಯಿಂದಲೇ ಬರೆಯಲು ಶುರು ಮಾಡಿ.