ಹಳೇ ಫ್ರಿಜ್‌ಗೆ ಸ್ಟೀಲ್ ಫಿಲ್ಮ್: ಅಂಟಿಸುವ ಮೊದಲು ಇದನ್ನು ಓದಿ

ಫ್ರಿಜ್ ಚೆನ್ನಾಗಿಯೇ ಓಡುತ್ತಿದೆ. ಕಂಪ್ರೆಸರ್ ಗಲಾಟೆ ಇಲ್ಲ, ಐಸ್ ಸರಿಯಾಗಿ ಕಟ್ಟುತ್ತದೆ. ಬಾಗಿಲು ಮಾತ್ರ ಹಳದಿ ತಿರುಗಿದೆ, ಕೆಳಗಡೆ ಅಲ್ಲಲ್ಲಿ ತುಕ್ಕು, ಮಕ್ಕಳು ಅಂಟಿಸಿ ಅರ್ಧ ಕಿತ್ತ ಕಾರ್ಟೂನ್ ಸ್ಟಿಕರಿನ ಗುರುತು. ಇಂಥದ್ದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತರುವ ಮೊದಲು, ಬ್ರಷ್ಡ್ ಸ್ಟೀಲ್ ಫಿಲ್ಮ್, ಅಂದರೆ ಸಣ್ಣ ಗೆರೆಗಳಿರುವ ಸ್ಟೀಲಿನ ಹಾಗೆ ಕಾಣುವ ಸ್ಟಿಕರ್ ಹಾಳೆ, ಅಂಟಿಸುವ ಬಗ್ಗೆ ಯೋಚನೆ ಮಾಡಿ. ಇದು ಡೂಪ್ಲಿಕೇಟ್ ಕೆಲಸ ಅಂತ ಮೂಗು ಮುರಿಯಬೇಡಿ. ಅಂಗಡಿಯಲ್ಲಿ ಫಳಫಳ ಹೊಳೆಯುವ ಎಷ್ಟೋ ಹೊಸ ಫ್ರಿಜ್‌ಗಳ ಬಾಗಿಲು ಕೂಡ ಅಸಲಿ ಸ್ಟೇನ್‌ಲೆಸ್ ಸ್ಟೀಲ್ ಅಲ್ಲ. ಸಾದಾ ತಗಡಿನ ಮೇಲೆ ಫ್ಯಾಕ್ಟರಿಯಲ್ಲೇ ಫಿಲ್ಮ್ ಕೂರಿಸಿರುತ್ತಾರೆ, ವಿಸಿಎಂ ಶೀಟ್ ಅಂತ ಅದಕ್ಕೆ ಹೆಸರು. ಅವರು ಮೆಷಿನ್‌ನಲ್ಲಿ ಮಾಡಿದ್ದನ್ನು ನಾವು ಕೈಯಲ್ಲಿ ಮಾಡುತ್ತೇವೆ, ಅಷ್ಟೇ.

ಆದರೆ ಈ ಕೆಲಸ ಹಾಳಾಗಿರುವುದನ್ನು ನೆಂಟರ ಮನೆ, ಅಕ್ಕಪಕ್ಕದ ಮನೆಗಳಲ್ಲಿ ನೋಡಿ ನೋಡಿ ಬೇಜಾರಾಗಿದೆ. ಮಧ್ಯದಲ್ಲೆಲ್ಲ ಗುಳ್ಳೆ, ಹ್ಯಾಂಡಲ್ ಪಕ್ಕ ಎದ್ದ ಅಂಚು, ಆ ಅಂಚಿನೊಳಗೆ ಕಪ್ಪಗೆ ಸೇರಿಕೊಂಡ ಜಿಡ್ಡು. ಹೆಚ್ಚಿನವರು ಮಾಡುವ ತಪ್ಪು ಒಂದೇ, ಫಿಲ್ಮನ್ನು ಎಳೆದು ಅಂಟಿಸುತ್ತಾರೆ. ಎಳೆದ ಫಿಲ್ಮ್ ಅವತ್ತು ನೀಟಾಗಿ ಕಾಣುತ್ತದೆ, ಆಮೇಲೆ ನಿಧಾನಕ್ಕೆ ತನ್ನ ಹಳೆಯ ಅಳತೆಗೆ ಕುಗ್ಗುತ್ತಾ ಅಂಚು ಬಿಟ್ಟುಕೊಂಡು ಬರುತ್ತದೆ.

ಯಾವ ಫಿಲ್ಮ್ ತರಬೇಕು

ಆನ್‌ಲೈನ್‌ನಲ್ಲಿ ‘ಆಯಿಲ್ ಪ್ರೂಫ್ ಕಿಚನ್ ಸ್ಟಿಕರ್’ ಅಂತ ಬೆಳ್ಳಿ ಬಣ್ಣದ ರೋಲ್ ಸಿಗುತ್ತದಲ್ಲ, ಅದನ್ನು ದಯವಿಟ್ಟು ತರಬೇಡಿ. ಅದು ಅಲ್ಯೂಮಿನಿಯಂ ಫಾಯಿಲ್. ಒಲೆ ಹಿಂದಿನ ಟೈಲ್ಸ್‌ಗೆ ಸರಿ. ಫ್ರಿಜ್ ಬಾಗಿಲಿಗೆ ಹಾಕಿದರೆ ಬೆರಳು ಒತ್ತಿದ ಕಡೆಯೆಲ್ಲ ತಗ್ಗು ಬೀಳುತ್ತದೆ, ಒಂದು ಸಲ ಸುಕ್ಕಾದರೆ ಮುಗೀತು, ಬಿಸಿ ಕೊಟ್ಟರೂ ಹೋಗುವುದಿಲ್ಲ.

ನಿಮಗೆ ಬೇಕಾಗಿರುವುದು ವಿನೈಲ್, ಅಂದರೆ ಪಿವಿಸಿ ಪ್ಲಾಸ್ಟಿಕ್ಕಿನ ಫಿಲ್ಮ್. ಅದರಲ್ಲೂ ಎರಡು ಜಾತಿ ಇದೆ. ಕ್ಯಾಲೆಂಡರ್ಡ್ ಅಂದರೆ ರೋಲರುಗಳ ನಡುವೆ ಒತ್ತಿ ಹಿಗ್ಗಿಸಿ ಮಾಡಿದ್ದು, ಅಗ್ಗ, ಸ್ವಲ್ಪ ದಪ್ಪ. ಕಾಸ್ಟ್ ಅಂದರೆ ದ್ರವವನ್ನು ಹರಡಿ ಒಣಗಿಸಿ ಮಾಡಿದ್ದು. ತೆಳು, ಮೆತ್ತಗೆ, ಕುಗ್ಗುವುದು ಕಡಿಮೆ. ಬಾಗಿಲು ಸಪಾಟಾಗಿದ್ದರೆ ಮೊದಲನೆಯದೂ ನಡೆಯುತ್ತದೆ. ನಮ್ಮ ಹಳೇ ಸಿಂಗಲ್ ಡೋರ್ ಫ್ರಿಜ್‌ಗಳಂತೆ ಬಾಗಿಲು ಹೊಟ್ಟೆ ಉಬ್ಬಿದ್ದರೆ, ಮೂಲೆ ದುಂಡಗಿದ್ದರೆ, ಕಾಸ್ಟ್ ಫಿಲ್ಮನ್ನೇ ತನ್ನಿ. ಕಾರಿಗೆ ಸುತ್ತುವ ರ‍್ಯಾಪ್ ಫಿಲ್ಮ್ ಅಂದರೆ ಸಾಮಾನ್ಯವಾಗಿ ಇದೇ. 3ಎಂ 2080 ಸರಣಿಯಲ್ಲಿ ಬ್ರಷ್ಡ್ ಸ್ಟೀಲ್ ಇದೆ, ಎವರಿ ಡೆನಿಸನ್‌ನವರಲ್ಲೂ ಬ್ರಷ್ಡ್ ಬಗೆ ಇದೆ. ಬೆಂಗಳೂರಿನವರಾದರೆ ಜೆ.ಸಿ. ರೋಡಿನ ಕಾರ್ ಆಕ್ಸೆಸರಿ ಅಂಗಡಿಗಳಲ್ಲಿ ಕೇಳಿ. ಬೇರೆ ಊರಿನವರು ನಂಬರ್ ಪ್ಲೇಟ್ ಮಾಡುವ ರೇಡಿಯಂ ಕಟಿಂಗ್ ಅಂಗಡಿಯವರನ್ನು ಕೇಳಿದರೆ ತರಿಸಿಕೊಡುತ್ತಾರೆ. ಕಾರ್ ಫಿಲ್ಮ್ ಸುಮಾರು 152 ಸೆಂ.ಮೀ. ಅಗಲ ಬರುತ್ತದೆ, ಒಂದೇ ಅಗಲದಲ್ಲಿ ಸಿಂಗಲ್ ಡೋರ್ ಬಾಗಿಲು ಎರಡು ಸಲ ಆಗುತ್ತದೆ. ಅಡುಗೆಮನೆಗೆಂದು ಮಾರುವ ವಿನೈಲ್ ರೋಲ್‌ಗಳು ಸಾಮಾನ್ಯವಾಗಿ 60 ಸೆಂ.ಮೀ. ಇರುತ್ತವೆ, ಬಾಗಿಲ ಅಗಲಕ್ಕೆ ಎರಡೂ ಕಡೆ ಮಡಚಲು ಬೇಕಾದ್ದನ್ನು ಸೇರಿಸಿ ಲೆಕ್ಕ ಹಾಕಿ, ಆಮೇಲೆ ತನ್ನಿ.

ಯಾವುದಕ್ಕೆ ಅಂಟಿಸಬಾರದು

ಗ್ಯಾಸ್ ಸ್ಟೌ, ಓವನ್, ಟೋಸ್ಟರ್ ಬೇಡವೇ ಬೇಡ. ಇದು ಪಿವಿಸಿ, ಬಿಸಿಗೆ ಕರಗುತ್ತದೆ, ಸುಟ್ಟರೆ ಬರುವ ಹೊಗೆ ವಿಷ. ಮೈಕ್ರೋವೇವ್‌ನ ಗಾಳಿ ಕಿಂಡಿ ಮುಚ್ಚಬಾರದು. ಡಿಶ್‌ವಾಷರ್‌ಗೆ ಮುಂದಿನ ತಗಡಿಗೆ ಮಾತ್ರ, ಬಾಗಿಲಿನ ಮೇಲ್ಭಾಗದ ಅಂಚಿಗೆ ಬೇಡ, ಅಲ್ಲಿ ಹಬೆ ಬರುತ್ತದೆ. ಕೆಲವು ಪ್ಲಾಸ್ಟಿಕ್‌ಗಳಿಗೆ, ಅದರಲ್ಲೂ ಪಾಲಿಪ್ರೊಪಿಲೀನ್‌ಗೆ ಗಮ್ ಹಿಡಿಯುವುದೇ ಇಲ್ಲ, ಆದ್ದರಿಂದ ಪ್ಲಾಸ್ಟಿಕ್ ಭಾಗಕ್ಕೆ ಮೊದಲು ಚಿಕ್ಕ ತುಂಡು ಅಂಟಿಸಿ ನೋಡಿ.

ಫ್ರಿಜ್‌ನ ಪಕ್ಕದ ಗೋಡೆ ಮುಟ್ಟಿ ನೋಡಿ, ಬೆಚ್ಚಗಿದೆಯಾ? ಈಚಿನ ಬಹಳ ಫ್ರಿಜ್‌ಗಳಲ್ಲಿ ಹಿಂದೆ ಕಾಣುತ್ತಿದ್ದ ಕಪ್ಪು ಜಾಲರಿ ಈಗ ಪಕ್ಕದ ಗೋಡೆಯೊಳಗೆ ಹೋಗಿದೆ, ಒಳಗಿನ ಬಿಸಿ ಅಲ್ಲಿಂದಲೇ ಹೊರಗೆ ಬರಬೇಕು. ಅಂಥ ಗೋಡೆಗೆ ಫಿಲ್ಮ್ ಬೇಡ. ಬಾಗಿಲಿಗೆ ಸ್ಟೀಲ್, ಪಕ್ಕಕ್ಕೆ ಹಳೆಯ ಬೂದು ಬಣ್ಣ ಇದ್ದರೆ ಚೆನ್ನಾಗಿಯೇ ಕಾಣುತ್ತದೆ, ಕಂಪನಿಯವರೂ ಹಾಗೇ ಮಾಡುತ್ತಾರೆ.

ತೊಳೆಯುವುದು

ಫ್ರಿಜ್ ಆಫ್ ಮಾಡಿ, ಒಂದೆರಡು ಗಂಟೆ ಬಿಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ತಣ್ಣಗಿರುವ ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೇವ ಇರುತ್ತದೆ, ಅದರ ಮೇಲೆ ಗಮ್ ನಿಲ್ಲುವುದಿಲ್ಲ. ಕಂಪನಿ ಲೋಗೋ ಬಿಡಿಸಬೇಕಾದರೆ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಹಿಂದೆ ನೈಲಾನ್ ದಾರ ತೂರಿಸಿ ಗರಗಸದ ಹಾಗೆ ಆಡಿಸಿ. ಚಾಕು ತೂರಿಸಬೇಡಿ. ಹ್ಯಾಂಡಲ್‌ಗೆ ಸ್ಕ್ರೂ ಇದ್ದರೆ ಬಿಚ್ಚಿಡಿ.

ಈಗ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒರೆಸಿ, ಶುದ್ಧ ನೀರಿನಲ್ಲಿ ಇನ್ನೊಂದು ಸಲ ಒರೆಸಿ. ಬಾಗಿಲಿನ ಮೇಲಂಚು ನೋಡಿ, ಒಗ್ಗರಣೆ ಹೊಗೆ ಮತ್ತು ಧೂಳು ಸೇರಿ ಅಂಟಂಟಾಗಿ ಕೂತಿರುತ್ತದೆ, ಎದುರಿಗೆ ನಿಂತರೆ ಕಾಣುವುದೇ ಇಲ್ಲ. ಆಯುಧಪೂಜೆಗೆ ಇಟ್ಟ ಕುಂಕುಮ, ಅರಿಶಿನದ ಬೊಟ್ಟಿನ ಪುಡಿಯೂ ಹ್ಯಾಂಡಲ್ ಸಂದಿಯಲ್ಲಿ ಉಳಿದಿರುತ್ತದೆ, ಹಳೇ ಟೂತ್ ಬ್ರಷ್ ಹಾಕಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಅದರ ಬದಲು ಸ್ಯಾನಿಟೈಸರ್ ಸಾಕು ಅನ್ನುವವರಿದ್ದಾರೆ. ಸಾಲದು, ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ, ಅದು ಹಿಂದೆ ಉಳಿಯುತ್ತದೆ. ಸೀಮೆಎಣ್ಣೆ ಜಿಡ್ಡು ಬಿಡುತ್ತದೆ, ಥಿನ್ನರ್ ಬಣ್ಣವನ್ನೇ ಎಬ್ಬಿಸುತ್ತದೆ.

ತುಕ್ಕಿನ ಜಾಗವನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ, ಪ್ರೈಮರ್ ಹಚ್ಚಿ, ಒಣಗಿದ ಮೇಲೆ 400 ನಂಬರ್ ಪೇಪರ್‌ನಲ್ಲಿ ನುಣುಪು ಮಾಡಿ. ಈ ಫಿಲ್ಮ್ ಏನನ್ನೂ ಮುಚ್ಚುವುದಿಲ್ಲ. ಕೆಳಗೆ ಸಾಸಿವೆ ಕಾಳಿನಷ್ಟು ಉಬ್ಬು ಇದ್ದರೂ ಮೇಲೆ ಬೆಳಕು ಬಿದ್ದಾಗ ಎದ್ದು ಕಾಣುತ್ತದೆ.

ಅಂಟಿಸುವುದು, ಇಲ್ಲಿ ನಿಧಾನ

ಕತ್ತರಿಸುವಾಗ ನಾಲ್ಕೂ ಕಡೆ 4-5 ಸೆಂ.ಮೀ. ಜಾಸ್ತಿ ಬಿಡಿ. ಗೆರೆಗಳ ದಿಕ್ಕು ಎಲ್ಲ ತುಂಡಿನಲ್ಲೂ ಒಂದೇ ಇರಲಿ, ಅಷ್ಟೇ ಅಲ್ಲ, ತಲೆಕೆಳಗೂ ಆಗಬಾರದು. ಒಂದೇ ರೋಲಿನ ಎರಡು ತುಂಡುಗಳಲ್ಲಿ ಒಂದನ್ನು ತಿರುಗಿಸಿಟ್ಟರೆ ಬೆಳಕಿಗೆ ಎರಡು ಬೇರೆ ಬಣ್ಣದ ಹಾಗೆ ಕಾಣುತ್ತವೆ. ಕತ್ತರಿಸಿದ ತಕ್ಷಣ ಹಿಂದಿನ ಪೇಪರ್ ಮೇಲೆ ಬಾಣದ ಗುರುತು ಹಾಕಿಬಿಡಿ. ಕೆಳಗೆ ಈರುಳ್ಳಿ, ಆಲೂಗಡ್ಡೆ ಇಡುವ ಡ್ರಾಯರ್ ಇರುವ ಫ್ರಿಜ್‌ನಲ್ಲಿ ಈ ತಪ್ಪು ಜಾಸ್ತಿ ಆಗುತ್ತದೆ, ಯಾಕೆಂದರೆ ಅದರ ತುಂಡನ್ನು ಉಳಿದ ಚೂರಿನಲ್ಲಿ ಅಡ್ಡಡ್ಡ ಕತ್ತರಿಸಿಬಿಡುತ್ತಾರೆ.

ಫ್ಯಾನ್ ಆಫ್ ಮಾಡಿ. ಸೆಕೆಯಾದರೂ ಸರಿ, ಧೂಳು ಹಾರಿ ಗಮ್‌ಗೆ ಅಂಟಿಕೊಂಡರೆ ಮತ್ತೆ ತೆಗೆಯಲು ಆಗುವುದಿಲ್ಲ. ಇನ್ನೊಬ್ಬರು ಜೊತೆಗೆ ಬೇಕೇ ಬೇಕು.

ಪೇಪರ್ ತೆಗೆಯದೆ ಫಿಲ್ಮನ್ನು ಬಾಗಿಲಿಗೆ ಹಿಡಿದು, ಅಳತೆ ಸರಿ ನೋಡಿ, ಬಾಗಿಲಿನ ನಡುಮಟ್ಟದಲ್ಲಿ ಎಡದಿಂದ ಬಲಕ್ಕೆ ಮಾಸ್ಕಿಂಗ್ ಟೇಪ್ ಪಟ್ಟಿ ಹಾಕಿ. ಈಗ ಟೇಪಿನ ಮೇಲಿನ ಅರ್ಧ ಫಿಲ್ಮನ್ನು ಕೆಳಕ್ಕೆ ಮಡಚಿ, ಅದರ ಪೇಪರನ್ನು ಟೇಪಿನವರೆಗೆ ಬಿಡಿಸಿ ಕತ್ತರಿಸಿ ತೆಗೆಯಿರಿ. ಜೊತೆಯವರು ಮೇಲಿನ ಎರಡು ಮೂಲೆ ಹಿಡಿದು, ಫಿಲ್ಮ್ ಬಾಗಿಲಿಗೆ ತಾಗದ ಹಾಗೆ ಒಂದು ಗೇಣು ದೂರದಲ್ಲಿ ಇಟ್ಟುಕೊಂಡಿರಲಿ. ಬಿಗಿ ಹಿಡಿಯುವುದು ಬೇಡ, ಜೋತು ಬೀಳದಷ್ಟು ಹಿಡಿದರೆ ಸಾಕು. ನೀವು ಸ್ಕ್ವೀಜಿಯನ್ನು (ಫಿಲ್ಮ್ ಒತ್ತಿ ಕೂರಿಸುವ ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ) ಟೇಪಿನ ಪಕ್ಕ ನಡುವೆ ಇಟ್ಟು, 45 ಡಿಗ್ರಿ ಓರೆಯಲ್ಲಿ, ನಡುವಿನಿಂದ ಬಲಕ್ಕೆ, ಮತ್ತೆ ನಡುವಿನಿಂದ ಎಡಕ್ಕೆ ಒತ್ತುತ್ತಾ ಮೇಲೆ ಹೋಗಿ. ಪ್ರತಿ ಸಲವೂ ಹಿಂದಿನ ಗೆರೆಯ ಅರ್ಧದ ಮೇಲೆ ಬರಲಿ. ಕೈಯಿಂದ ಸವರಬೇಡಿ, ಗುಳ್ಳೆ ಹುಟ್ಟುವುದೇ ಅಲ್ಲಿ. ಸ್ಕ್ವೀಜಿಯ ಅಂಚಿಗೆ ಫೆಲ್ಟ್ ಬಟ್ಟೆ ಇರಲೇಬೇಕು, ಬರೀ ಪ್ಲಾಸ್ಟಿಕ್ ತಾಗಿದರೆ ಸ್ಟೀಲ್ ಗೆರೆಗಳ ಮೇಲೆ ಹೊಳಪಿನ ಗೀರು ಬಿದ್ದು ಹಾಗೇ ಉಳಿಯುತ್ತದೆ. ಮೇಲರ್ಧ ಮುಗಿದ ಮೇಲೆ ಟೇಪ್ ಕಿತ್ತು, ಕೆಳಗಿನ ಅರ್ಧಕ್ಕೂ ಇದನ್ನೇ ಮಾಡಿ.

ಸುಕ್ಕು ಬಿತ್ತಾ? ಅದರ ಮೇಲೆ ಒತ್ತಿ ಸರಿಮಾಡಲು ಹೋಗಬೇಡಿ. ಅಲ್ಲಿಗೇ ನಿಲ್ಲಿಸಿ, ಸುಕ್ಕಿನವರೆಗೆ ನಿಧಾನಕ್ಕೆ ಎಬ್ಬಿಸಿ, ಡ್ರೈಯರ್‌ನ ಬಿಸಿ ಗಾಳಿ ಬಿಡಿ. ಬಿಸಿ ತಾಗುತ್ತಿದ್ದ ಹಾಗೆ ಫಿಲ್ಮ್ ತಾನಾಗಿಯೇ ಚಪ್ಪಟೆಯಾಗುವುದು ಕಣ್ಣಿಗೆ ಕಾಣುತ್ತದೆ. ಒಂದು ನಿಮಿಷ ಆರಲು ಬಿಟ್ಟು ಮತ್ತೆ ಕೂರಿಸಿ. ಗಮ್ ಪೂರ್ತಿ ಹಿಡಿಯಲು ಸುಮಾರು ಒಂದು ದಿನ ಬೇಕು, ಅಲ್ಲಿಯವರೆಗೆ ತಿದ್ದಲು ಅವಕಾಶ ಇದೆ, ಗಾಬರಿ ಬೇಡ.

ಸೋಪು ನೀರು ಚಿಮುಕಿಸಿ ಅಂಟಿಸಿದರೆ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಫಿಲ್ಮಿನ ಹಿಂಬದಿ ನೋಡಿ ತೀರ್ಮಾನ ಮಾಡಿ. ಗಮ್ ಮೇಲೆ ಸಣ್ಣ ಚೌಕುಳಿ ಗೆರೆಗಳಿದ್ದರೆ ಅವು ಗಾಳಿ ಹೊರಹೋಗುವ ದಾರಿ, ಅಂಥದ್ದಕ್ಕೆ ನೀರು ಬೇಡ, ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಹಿಂಬದಿ ನುಣ್ಣಗಿದ್ದರೆ ಮಾತ್ರ ಒಂದು ಲೀಟರ್ ನೀರಿಗೆ ಎರಡು ಮೂರು ಹನಿ ಲಿಕ್ವಿಡ್ ಸೋಪು ಹಾಕಿಕೊಳ್ಳಿ. ನನ್ನನ್ನು ಕೇಳಿದರೆ ಗೆರೆ ಇರುವ ಫಿಲ್ಮನ್ನೇ ತನ್ನಿ, ನೀರು ಹಾಕದೆಯೇ ಅಂಟಿಸಿ.

ಮೂಲೆ ಮತ್ತು ಅಂಚು

ಫಿಲ್ಮನ್ನು ಬಾಗಿಲಿನ ಮುಖದ ಅಂಚಿಗೇ ಕತ್ತರಿಸಿ ಬಿಟ್ಟರೆ ದಿನಾ ಕೈ, ಸೊಂಟ, ಸೆರಗು ತಾಗಿ ಏಳುತ್ತದೆ. ಪಕ್ಕಕ್ಕೆ ಮಡಚಿ, ಬಾಗಿಲು ತೆರೆದು, ಅದರ ಒಳಸುತ್ತಿನ ರಬ್ಬರ್ ಪಟ್ಟಿ ಅಂದರೆ ಗ್ಯಾಸ್ಕೆಟ್‌ಗೆ ಮೊದಲೇ ಕತ್ತರಿಸಿ. ಗ್ಯಾಸ್ಕೆಟ್ ಕೆಳಗೆ ತೂರಿಸಬೇಡಿ, ಬಾಗಿಲು ಬಿಗಿಯಾಗಿ ಮುಚ್ಚದೆ ತಂಪು ಸೋರುತ್ತದೆ. ಮೊದಲು ನಾಲ್ಕು ನೇರ ಅಂಚು, ಮೂಲೆ ಕೊನೆಗೆ.

ಚೂಪು ಮೂಲೆಯಾದರೆ ಜಾಸ್ತಿ ಇರುವ ಫಿಲ್ಮನ್ನು ತ್ರಿಕೋನವಾಗಿ ಕತ್ತರಿಸಿ, ಎರಡು ಕಡೆಯಿಂದ ಮಡಚಿ, ಒಂದರ ಮೇಲೊಂದು ಎರಡು ಮೂರು ಮಿಲಿಮೀಟರ್ ಬರುವ ಹಾಗೆ ಕೂರಿಸಿ. ದುಂಡು ಮೂಲೆಗೆ ಕತ್ತರಿ ಹಾಕಲೇಬೇಡಿ. ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ತುದಿ ಹಿಡಿದು ಓರೆಯಾಗಿ ಮೆಲ್ಲಗೆ ಎಳೆಯಿರಿ, ಸುಕ್ಕುಗಳು ಮಾಯವಾಗುತ್ತಿದ್ದಂತೆ ಹೆಬ್ಬೆರಳಿಂದ ಒತ್ತಿಕೊಂಡು ಬನ್ನಿ. ಇಡೀ ಕೆಲಸದಲ್ಲಿ ಎಳೆಯಬಹುದಾದ ಜಾಗ ಇದೊಂದೇ, ಹಾಗಾಗಿ ಕೊನೆಗೆ ಇದಕ್ಕೆ ಇನ್ನೊಮ್ಮೆ ಚೆನ್ನಾಗಿ ಬಿಸಿ ಕೊಟ್ಟು ಒತ್ತಬೇಕು, ಆಗ ಫಿಲ್ಮ್ ಹೊಸ ಆಕಾರವನ್ನೇ ಹಿಡಿದುಕೊಳ್ಳುತ್ತದೆ. ಅನುಭವ ಇಲ್ಲದಿದ್ದರೆ ಹೀಟ್ ಗನ್ ಬೇಡ. ಬಾಗಿಲಿನ ಪ್ಲಾಸ್ಟಿಕ್ ಪಟ್ಟಿ ನೋಡುನೋಡುತ್ತಲೇ ಸೊಟ್ಟಗಾಗುತ್ತದೆ, ತಗಡಿನ ಹಿಂದೆ ಫೋಮ್ ಬೇರೆ ಇದೆ.

ಹ್ಯಾಂಡಲ್ ಹಳ್ಳದ ಒಳಗೆ ಫಿಲ್ಮ್ ಒತ್ತಿ ಕೂರಿಸುವ ಆಸೆ ಬಿಡಿ. ಹಳ್ಳದಲ್ಲಿ ಹಿಗ್ಗಿದ ಫಿಲ್ಮ್ ವಾಪಸ್ ಎದ್ದೇ ಏಳುತ್ತದೆ. ಸುತ್ತ ಒಂದೆರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಬೀಗದ ಕೈ ತೂತಿಗೂ ಹಾಗೇ. ಕಟ್ಟರ್‌ಗೆ ಹೊಸ ಬ್ಲೇಡ್ ಹಾಕಿ, ಫಿಲ್ಮ್ ಮಾತ್ರ ಸೀಳುವಷ್ಟು ಹಗುರವಾಗಿ ಎಳೆಯಿರಿ. ಮೊಂಡು ಬ್ಲೇಡನ್ನು ಒತ್ತಿ ಎಳೆದರೆ ಕೆಳಗಿನ ಬಣ್ಣಕ್ಕೂ ಗೀರು ಬಿದ್ದು, ಅದೇ ಗೆರೆಯಲ್ಲಿ ಮುಂದೆ ತುಕ್ಕು ಹಿಡಿಯುತ್ತದೆ.

ಉಳಿದ ಸಣ್ಣ ಗುಳ್ಳೆಗಳನ್ನು ಬಿಟ್ಟುಬಿಡಿ, ಗಮ್ ಮೇಲೆ ಚೌಕುಳಿ ಗೆರೆ ಇರುವ ಫಿಲ್ಮಿನಲ್ಲಿ ಕೆಲವು ವಾರಗಳಲ್ಲಿ ತಾವೇ ಇಳಿಯುತ್ತವೆ. ದೊಡ್ಡದಿದ್ದರೆ ಗುಂಡುಸೂಜಿಯನ್ನು ಗುಳ್ಳೆಯ ಬುಡದಲ್ಲಿ ಓರೆಯಾಗಿ ಚುಚ್ಚಿ, ಎದುರು ಕಡೆಯಿಂದ ಗಾಳಿ ತಳ್ಳಿ.

ಆಮೇಲೆ

ಒಂದು ದಿನ ಅಂಚುಗಳನ್ನು ಮುಟ್ಟಬೇಡಿ, ಒದ್ದೆ ಬಟ್ಟೆಯನ್ನೂ ಹಾಕಬೇಡಿ. ಮುಂದೆ ಒರೆಸಲು ಮೆತ್ತನೆ ಬಟ್ಟೆ, ಸೋಪು ನೀರು ಸಾಕು. ಹಸಿರು ಸ್ಕ್ರಬ್ಬರ್, ಸ್ಟೀಲ್ ನಾರು ಹತ್ತಿರ ತರಬೇಡಿ. ಅರಿಶಿನದ ಕೈ ತಾಗಿದರೆ ಆಗಲೇ ಒರೆಸಿ, ಒಂದು ರಾತ್ರಿ ಬಿಟ್ಟರೆ ಕಲೆ ಹೋಗುವುದು ಕಷ್ಟ. ಆಯುಧಪೂಜೆಯ ಬೊಟ್ಟನ್ನು ಇನ್ನು ಮೇಲೆ ಹ್ಯಾಂಡಲ್‌ಗೆ ಇಡಿ. ಹಾಲಿನ ಲೆಕ್ಕದ ಚೀಟಿ ಸಿಕ್ಕಿಸುವ ಮ್ಯಾಗ್ನೆಟ್ ಎಂದಿನಂತೆ ಹಿಡಿಯುತ್ತದೆ, ಫಿಲ್ಮ್ ಅಷ್ಟು ತೆಳು. ಪಾತ್ರೆಗೆ ಬಳಸುವಂಥ 304 ಸ್ಟೀಲಿನ ಬಾಗಿಲಾಗಿದ್ದರೆ ಮ್ಯಾಗ್ನೆಟ್ ನಿಲ್ಲುತ್ತಿರಲಿಲ್ಲ.

ಬಾಡಿಗೆ ಮನೆಯಲ್ಲಿ ಓನರ್ ಕೊಟ್ಟ ಫ್ರಿಜ್ ಆಗಿದ್ದರೆ ಮೊದಲೇ ಅವರನ್ನು ಒಂದು ಮಾತು ಕೇಳಿ. ತೆಗೆಯುವಾಗ ಮೂಲೆಯಿಂದ ಬಿಸಿ ಗಾಳಿ ಬಿಡುತ್ತಾ, ಫಿಲ್ಮನ್ನು ಬಾಗಿಲಿಗೆ ಹತ್ತಿರವಾಗಿ ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೆಯಿರಿ, ನೇರ ನಿಮ್ಮ ಕಡೆಗೆ ಎಳೆದರೆ ಗಮ್ ಅಲ್ಲೇ ಉಳಿಯುತ್ತದೆ. ಉಳಿದ ಗಮ್‌ಗೆ ಬಟ್ಟೆಯಲ್ಲಿ ಸ್ವಲ್ಪ ನೀಲಗಿರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿ, ಆಮೇಲೆ ಸೋಪು ನೀರು ಹಾಕಿ ಎಣ್ಣೆ ತೆಗೆಯಿರಿ.