ಸಾಲ್ಮನ್ ಹೊಳೆಗೆ ದೇಣಿಗೆ ಎತ್ತುವಾಗ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಾಲ್ಮನ್ ಮೀನಿನ ಹೊಳೆಗಳನ್ನು ಸರಿಪಡಿಸಲು ಹೊರಟ ಊರ ಗುಂಪುಗಳು ಸಾಮಾನ್ಯವಾಗಿ ದಡದಲ್ಲಿ ನೆರಳಿಗೆ ಗಿಡ ನೆಡುವ ದಿನಕ್ಕೆಂದು ಹಣ ಎತ್ತುತ್ತವೆ. ಕೈ ಬರಿದಾಗುವುದು ಅದರ ನಂತರ. ದೊಡ್ಡ ಖರ್ಚಿಗೆ ಅನುದಾನ ಸಿಗುತ್ತದೆ. ಊರವರ ದೇಣಿಗೆಯನ್ನು ಪಾಲುಹಣ (ಅನುದಾನದ ಜತೆ ಗುಂಪು ಹಾಕುವ ಪಾಲು), ಕೈಹಣ (ಅನುದಾನ ಕೈಸೇರುವವರೆಗೆ ನಡೆಸುವ ಹಣ) ಮತ್ತು ನೆಟ್ಟ ಗಿಡಗಳ ಆರೈಕೆಗೆ ಮೀಸಲಿಡಿ.

ಅನುದಾನ ಕೊಡುವವರು ಯೋಜನೆಯ ಒಟ್ಟು ವೆಚ್ಚದಲ್ಲಿ ಒಂದು ಪಾಲನ್ನು ಅರ್ಜಿದಾರರಿಂದ ಕೇಳುವುದುಂಟು; ಅದು ಶೇ. 15 ಎಂದಿಟ್ಟುಕೊಳ್ಳಿ. ಹಲವರು ಎಡವುವುದು ಇಲ್ಲೇ. 85,000 ಡಾಲರ್ ಅನುದಾನಕ್ಕೆ ಅದರದೇ ಶೇ. 15 ಹಿಡಿದು 12,750 ಎಂದು ಬರೆದರೆ 2,250 ಡಾಲರ್ ಕಡಿಮೆ ಬೀಳುತ್ತದೆ. ಅನುದಾನವನ್ನು 0.85ರಿಂದ ಭಾಗಿಸಿ: ಒಟ್ಟು 1,00,000, ನಿಮ್ಮ ಪಾಲು 15,000. ಅಷ್ಟೂ ನಗದಾಗಬೇಕಿಲ್ಲ. ಸ್ವಯಂಸೇವಕರ ದುಡಿಮೆ, ದಾನವಾಗಿ ಬಂದ ಸಸಿ, ಮೀನಿಗೆ ಆಸರೆಯಾಗಲೆಂದು ಹೊಳೆಗೆ ಹಾಕುವ ಮರದ ದಿಮ್ಮಿ, ಎಲ್ಲಕ್ಕೂ ಬೆಲೆ ಕಟ್ಟಬಹುದು. ಆದರೆ ಹಾಜರಿ ಹಾಳೆಯಲ್ಲಿ ಹೆಸರು, ದಿನಾಂಕ, ಗಂಟೆ, ಮಾಡಿದ ಕೆಲಸ, ಸಹಿ ಇವೆಲ್ಲ ಅಂದೇ ಬೀಳಬೇಕು. ವಾರ ಕಳೆದು ನೆನಪಿನಿಂದ ತುಂಬಿದ ಹಾಳೆಯನ್ನು ನಂಬಿ ಕೂರಬೇಡಿ.

ಅನುದಾನ ಬಹುಮಟ್ಟಿಗೆ ಮರುಪಾವತಿ. ಮೊದಲು ನೀವು ಗುತ್ತಿಗೆದಾರರಿಗೆ ಕೊಟ್ಟು, ಬಿಲ್ ಸಲ್ಲಿಸಿ, ಕಾಯಬೇಕು. ಈ ಅವಧಿಯನ್ನು ತಾಳಿಕೊಳ್ಳುವಷ್ಟು ಹಣ ಖಾತೆಯಲ್ಲಿ ಇಲ್ಲದಿದ್ದರೆ ಒಳ್ಳೆಯ ಯೋಜನೆಯೂ ನಡುವೆ ನಿಲ್ಲುತ್ತದೆ.

ಗುಂಪಿಗೆ 501(ಸಿ)(3), ಅಂದರೆ ಅಮೆರಿಕದ ತೆರಿಗೆ ಕಾನೂನಿನ ದತ್ತಿ ಸಂಸ್ಥೆಯ ಮಾನ್ಯತೆ ಇಲ್ಲವೆಂದರೆ, ಮಾನ್ಯತೆಯಿರುವ ಸಂಸ್ಥೆಯೊಂದರ ಆಶ್ರಯದಲ್ಲಿ ದೇಣಿಗೆ ಪಡೆಯಿರಿ. ಒಂದೇ ಸಲ 250 ಡಾಲರ್ ಅಥವಾ ಹೆಚ್ಚು ಕೊಟ್ಟವರಿಗೆ ತೆರಿಗೆ ವಿನಾಯಿತಿ ಪಡೆಯಲು ಲಿಖಿತ ಸ್ವೀಕೃತಿ ಬೇಕೇಬೇಕು.

ಕೇಳುವಾಗ ‘ಒಂದು ಸಸಿಗೆ ಇಷ್ಟು’ ಎನ್ನುವುದು ಸುಲಭ. ಆ ಮೊತ್ತದಲ್ಲಿ ಕನಿಷ್ಠ ಮೂರು ವರ್ಷದ ಆರೈಕೆಯೂ ಸೇರಿರಲಿ. ಏಕೆಂದರೆ ನೆಟ್ಟ ಸೀಡರ್, ಸ್ಪ್ರೂಸ್ ಸಸಿಗಳನ್ನು ರೀಡ್ ಕ್ಯಾನರಿ ಹುಲ್ಲು, ಹಿಮಾಲಯನ್ ಬ್ಲ್ಯಾಕ್‌ಬೆರಿ ಮುಳ್ಳುಪೊದೆ ಮುಚ್ಚಿಬಿಡುತ್ತವೆ. ಹುಲ್ಲಿನ ಮರೆಯಲ್ಲಿ ವೋಲ್ ಇಲಿಗಳು ಬುಡದ ತೊಗಟೆಯನ್ನು ಸುತ್ತಲೂ ಕಡಿಯುತ್ತವೆ. ನೀರಂಚಿನ ಗಿಡವನ್ನು ಬೀವರ್ ಎಂಬ ಪ್ರಾಣಿ ಕೊಯ್ದೊಯ್ಯುತ್ತದೆ. ಹಾಗಾಗಿ ಕಳೆ ಕೀಳುವ ಕೂಲಿ, ಬುಡಕ್ಕೆ ಕೊಳವೆ, ತಂತಿಬಲೆ, ಸತ್ತ ಸಸಿಗೆ ಬದಲಿ ಇವೆಲ್ಲ ಬಜೆಟ್ಟಿನಲ್ಲಿ ಬೇರೆ ಬೇರೆ ಸಾಲುಗಳಾಗಿರಬೇಕು. ನೆರಳಿಲ್ಲದ ಹೊಳೆ ಬೇಸಿಗೆಯಲ್ಲಿ ಕಾದರೆ ತಣ್ಣೀರಿನ ಮೀನಾದ ಸಾಲ್ಮನ್ ಮರಿಗಳು ಉಳಿಯವು. ದಾನಿಗಳಿಗೆ ಇದನ್ನು ನೇರವಾಗಿ ಹೇಳಿ.

ಖರ್ಚು ತಗ್ಗಿಸಲು, ನೆಟ್ಟರೆ ಬೇರು ಬಿಡುವ ವಿಲೋ ಮರದ ಕಡ್ಡಿಗಳು ಅನುಕೂಲ. ಎಲೆ ಉದುರಿದ ಕಾಲದಲ್ಲಿ ಹೆಬ್ಬೆರಳ ದಪ್ಪದ, 60ರಿಂದ 90 ಸೆಂಟಿಮೀಟರ್ ಉದ್ದದ ಕಡ್ಡಿ ಕತ್ತರಿಸಿ, ಮೊಗ್ಗು ಮೇಲ್ಮುಖವಾಗಿ ಮೂರನೇ ಎರಡು ಭಾಗ ತೇವದ ಮಣ್ಣಿಗಿಳಿಸಿ. ತಲೆಕೆಳಗಾದರೆ ಚಿಗುರುವ ಭರವಸೆಯಿಲ್ಲ.

ದಿಮ್ಮಿ ಇಡುವಂಥ, ನೀರಿಗಿಳಿದು ಮಾಡುವ ಕೆಲಸಕ್ಕೆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಹೈಡ್ರಾಲಿಕ್ ಪ್ರಾಜೆಕ್ಟ್ ಅಪ್ರೂವಲ್ ಎಂಬ ಪರವಾನಗಿ ಬೇಕು. ಅದರಲ್ಲಿ ಕೆಲಸಕ್ಕೆ ಸಿಗುವ ಅವಧಿ ಹೆಚ್ಚಾಗಿ ಬೇಸಿಗೆಯ ಕೆಲವೇ ವಾರಗಳು. ದೇಣಿಗೆಯ ಗಡುವನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ ಇಟ್ಟುಕೊಳ್ಳಿ. ಆ ವಾರಗಳು ತಪ್ಪಿದರೆ ಮುಂದಿನ ವರ್ಷವೇ.