ಮೇಷ್ಟರ ಮಗ ಬರೆದ ಸುದ್ದಿ

ಅಪ್ಪ ಬಿಳಿಗಿರಿರಂಗನ ಬೆಟ್ಟದಲ್ಲಿ ಮೇಷ್ಟರಾಗಿದ್ದರು. ಐದನೇ ತರಗತಿಯವರೆಗೆ ನನ್ನ ಪಕ್ಕ ಕೂತು ಮಗ್ಗಿ ಹೇಳಿದವರೆಲ್ಲ ಆ ಕಾಡಿನ ಬುಡಕಟ್ಟಿನವರಾದ ಸೋಲಿಗರ ಮಕ್ಕಳೇ. ಗೋರುಕನ ಹಾಡಿಗೆ ಹೆಜ್ಜೆ ಹಾಕಿದ್ದೇನೆ, ರೊಟ್ಟಿ ಹಬ್ಬದಲ್ಲಿ ರಾಗಿ ರೊಟ್ಟಿಗೆ ಕೈ ಚಾಚಿದ್ದೇನೆ. ಮುಂದೆ ಯಳಂದೂರಿನಲ್ಲಿ ಪತ್ರಿಕೆಯೊಂದಕ್ಕೆ ಅರೆಕಾಲಿಕ ವರದಿಗಾರನಾದಾಗ, ಬೆಟ್ಟದ ಸುದ್ದಿ ಎಂದರೆ ನನಗೆ ಮನೆಯ ಸುದ್ದಿ, ಹೋಗಿ ಕೇಳುವುದೇನಿದೆ ಎಂಬ ಗತ್ತು.

ಒಂದು ಬೇಸಿಗೆ ಕಾಡಿಗೆ ಬೆಂಕಿ ಬಿತ್ತು. ಅಧಿಕಾರಿಯೊಬ್ಬರು ಫೋನಿನಲ್ಲಿ ಹೇಳಿದ್ದನ್ನು ಗೀಚಿಕೊಂಡು ‘ಕಿಡಿಗೇಡಿಗಳ ಕೃತ್ಯ’ ಎಂದು ಬರೆದು ಕಳುಹಿಸಿದೆ. ಮೂರು ಕಾಲಂ, ಚಿತ್ರ ಸಮೇತ. ವಾರ ಕಳೆದು ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ, ಹೋದರೆ ಸಹಪಾಠಿಯ ತಾತ ಜಗಲಿಯಲ್ಲಿ ಕೂತಿದ್ದರು. ಯಾರೋ ಅವರಿಗೆ ಸುದ್ದಿ ಓದಿ ಹೇಳಿದ್ದರು.

“ಮೇಷ್ಟರ ಮಗನೇ, ಕಿಡಿಗೇಡಿ ಎಂದರೆ ಯಾರಪ್ಪ?”

ಬೈದಿದ್ದರೆ ವಾಸಿಯಿತ್ತು. ಟೀ ಕೊಡಿಸಿ, ತರಗು ಬೆಂಕಿಯ ವಿಷಯ ಹೇಳಿದರು. ಹಿಂದೆ ಬಿಸಿಲು ಬಲಿಯುವ ಮೊದಲೇ ಒಣಗಿದ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರಂತೆ. ಅದು ನೆಲದಲ್ಲೇ ಹರಿದು ಆರಿಹೋಗುತ್ತಿತ್ತು. ಲಂಟಾನ ಹಬ್ಬುತ್ತಿರಲಿಲ್ಲ, ನೆಲ್ಲಿಮರಕ್ಕೆ ಬಂದಳಿಕೆ ಏರುತ್ತಿರಲಿಲ್ಲ. 1974ರಲ್ಲಿ ವನ್ಯಧಾಮವಾದ ಮೇಲೆ ಆ ಬೆಂಕಿ ಅಪರಾಧವಾಯಿತು. ಈಗ ಆಳೆತ್ತರದ ಲಂಟಾನವೇ ಸೌದೆ; ಒಮ್ಮೆ ಹೊತ್ತಿಕೊಂಡರೆ ಮರದ ನೆತ್ತಿಗೇರುತ್ತದೆ. ಅವರ ಮಾತೇ ಕೊನೆಯ ಮಾತೆಂದು ನಾನು ಹೇಳುವುದಿಲ್ಲ. ಆದರೆ ನನ್ನ ಮೂರು ಕಾಲಂನಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ.

ಅಂದಿನಿಂದ ಕೆಲಸದ ರೀತಿ ಬದಲಿಸಿಕೊಂಡೆ. ಪೋಡಿಗೆ ಮೊದಲ ಸಲ ಹೋದ ದಿನ ನೋಟ್‌ಬುಕ್ ತೆಗೆಯುವುದಿಲ್ಲ. ಫೋನಿನಲ್ಲಿ ಸುದ್ದಿ ಮಾಡುವುದಿಲ್ಲ. ಮಾಡೋಣವೆಂದರೂ ಅರ್ಧ ಪೋಡುಗಳಲ್ಲಿ ಸಿಗ್ನಲ್ ಇಲ್ಲ. ‘ಮೂಲಸೌಕರ್ಯ ಮರೀಚಿಕೆ’ ಎಂಬ ಶೀರ್ಷಿಕೆಯನ್ನು ಬಿಟ್ಟಿದ್ದೇನೆ, ಡೆಸ್ಕಿನವರು ಬಿಟ್ಟಿಲ್ಲ. ಜಾತ್ರೆಯ ವರದಿಯಲ್ಲಿ ಸೋಲಿಗರನ್ನು ಬರಿದೇ ‘ಭಕ್ತರು’ ಎನ್ನುವುದಿಲ್ಲ. ಬೆಟ್ಟದ ದೇವರು ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಅವರ ಪಾಲಿಗೆ ಭಾವ. ಭಾವನ ಮನೆಗೆ ಬಂದವರು ನೆಂಟರಲ್ಲವೇ?

2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಿಸುವ ಹಕ್ಕಿನ ಸುದ್ದಿ ಬರೆಯುವಾಗ ಈ ಎರಡನ್ನೂ ಒಂದೇ ಪ್ಯಾರಾದಲ್ಲಿ ಇಡುತ್ತೇನೆ. ಒಂದನ್ನು ಬಿಟ್ಟರೆ ಸುದ್ದಿ ಕುಂಟುತ್ತದೆ.

ಇನ್ನೊಂದು ಅಭ್ಯಾಸವಿದೆ, ಸಂಪಾದಕರಿಗೆ ಅದು ಹಿಡಿಸದು. ಪೋಡಿನ ಹಳೆಯ ಸಂಗತಿ ಬರೆದರೆ ಕಳುಹಿಸುವ ಮುನ್ನ ತಾತನಿಗೆ ಓದಿ ಹೇಳುತ್ತೇನೆ. ಒಮ್ಮೆ ‘ವನ್ಯಧಾಮವಾದ ಬಳಿಕ ಕಾಡಿನೊಳಗಿನ ಕುಟುಂಬಗಳು ರಸ್ತೆ ಬದಿಗೆ ಸ್ಥಳಾಂತರಗೊಂಡವು’ ಎಂದು ಓದಿದೆ. ತಾತ ಕೈ ಎತ್ತಿ ತಡೆದರು.

“ನಾವಾಗಿಯೇ ಎದ್ದು ಬಂದೆವೇನಪ್ಪ?”

‘ಸ್ಥಳಾಂತರಗೊಳಿಸಲಾಯಿತು’ ಎಂದು ತಿದ್ದಿದೆ. ಅದಕ್ಕೂ ತಲೆಯಾಡಿಸಲಿಲ್ಲ. ಕೊನೆಗೆ ‘ಎಬ್ಬಿಸಿದರು’ ಎಂದು ಬರೆದು ಓದಿದೆ. “ಹೂಂ, ಮುಂದೆ ಓದು” ಎಂದರು.

ಮರುದಿನದ ಪತ್ರಿಕೆಯಲ್ಲಿ ‘ಸ್ಥಳಾಂತರಗೊಂಡವು’ ಎಂದೇ ಅಚ್ಚಾಗಿತ್ತು. ಆ ಪ್ರತಿಯನ್ನು ಅವರಿಗೆ ಓದಿ ಹೇಳಲು ನನಗಿನ್ನೂ ಧೈರ್ಯ ಬಂದಿಲ್ಲ.